ತನಗಾಗಿ ಬರೆದ ಪಾತ್ರವನ್ನು ಬಿಟ್ಟುಕೊಟ್ಟ ನಟ: ಕಾರ್ಲ್ ರೈನರ್

ಎಲ್ಲರಿಗೂ ನಮಸ್ಕಾರ.

ಇವತ್ತಿನ ಮಾತು ಅಮೆರಿಕದ ಕಾರ್ಲ್ ರೈನರ್ ಬಗ್ಗೆ. ನಟರಾಗಿ ಶುರು ಮಾಡಿ, ಟಿವಿಗೆ ಬರೆದು, ನಿರ್ಮಾಪಕರಾಗಿ, ಆಮೇಲೆ ಸಿನಿಮಾ ನಿರ್ದೇಶಕರೂ ಆದವರು. ಸಿನಿಮಾಗಳ ಮಾತು ಇನ್ನೊಂದು ದಿನಕ್ಕಿರಲಿ. ಇವತ್ತು 1958ರಿಂದ 1966ರವರೆಗಿನ ವರ್ಷಗಳನ್ನು ಮಾತ್ರ ಹತ್ತಿರದಿಂದ ನೋಡೋಣ. ಆ ಅವಧಿಯಲ್ಲಿ ಅವರು ತಮ್ಮ ಬದುಕಿನಿಂದಲೇ ಒಂದು ಪಾತ್ರವನ್ನು ತೆಗೆದು, ತಾವೇ ಮಾಡಬೇಕೆಂದು ಬರೆದರು. ಕೊನೆಗೆ ಅದನ್ನು ಇನ್ನೊಬ್ಬ ನಟನಿಗೆ ಕೊಟ್ಟರು. ಅವರ ಇಡೀ ವೃತ್ತಿಯಲ್ಲಿ ನನಗೆ ದೊಡ್ಡದಾಗಿ ಕಾಣುವುದು ಈ ಬಿಟ್ಟುಕೊಟ್ಟ ಕೆಲಸವೇ.

ಹಿನ್ನೆಲೆ ಬೇಗ ಹೇಳಿಬಿಡುತ್ತೇನೆ. ರೈನರ್ ಹುಟ್ಟಿದ್ದು 1922ರಲ್ಲಿ, ನ್ಯೂಯಾರ್ಕಿನ ಬ್ರಾಂಕ್ಸ್‌ನಲ್ಲಿ. ತಂದೆ ಗಡಿಯಾರ ರಿಪೇರಿ ಮಾಡುತ್ತಿದ್ದರು. ಹುಡುಗ ಯಂತ್ರದ ಅಂಗಡಿಯೊಂದರಲ್ಲಿ ಸಹಾಯಕನಾಗಿದ್ದ. ಆರ್ಥಿಕ ಕುಸಿತದ ಕಾಲ ಅದು. ಸರ್ಕಾರದ ಉದ್ಯೋಗ ಯೋಜನೆಯಡಿ ಬಿಟ್ಟಿಯಾಗಿ ನಾಟಕ ಕಲಿಸುತ್ತಾರೆ ಎಂದು ಅಣ್ಣ ಚಾರ್ಲಿ ಸುದ್ದಿ ತಂದ. ಬದುಕಿನ ದಾರಿ ಅಲ್ಲಿಂದ ತಿರುಗಿತು. ಅಣ್ಣ ಹೇಳದಿದ್ದರೆ ತಾನು ನಟನೇ ಆಗುತ್ತಿರಲಿಲ್ಲ ಎಂದು ರೈನರ್ ಕೊನೆತನಕ ನೆನೆಯುತ್ತಿದ್ದರು. ಎರಡನೇ ಮಹಾಯುದ್ಧದಲ್ಲಿ ಸೈನ್ಯ ಸೇರಿದರು. ಅಲ್ಲೂ ಸೈನಿಕರನ್ನು ರಂಜಿಸುವ ತಂಡ ಸಿಕ್ಕಿತು.

1950ರಲ್ಲಿ ಎನ್‌ಬಿಸಿ ಎಂಬ ಟಿವಿ ವಾಹಿನಿಯಲ್ಲಿ ‘ಯುವರ್ ಶೋ ಆಫ್ ಶೋಸ್’ ಶುರುವಾಯಿತು. ಶನಿವಾರ ರಾತ್ರಿ, 90 ನಿಮಿಷ, ಪೂರ್ತಿ ನೇರ ಪ್ರಸಾರ. ತಪ್ಪಾದರೆ ತಿದ್ದುವ ಅವಕಾಶವೇ ಇಲ್ಲ. ನಗಿಸುವವರು ಸಿಡ್ ಸೀಸರ್. ರೈನರ್ ಅವರ ಎದುರಿಗೆ ನಿಂತು ಪ್ರಶ್ನೆ ಕೇಳುವವರು. ವಿಮಾನ ನಿಲ್ದಾಣದಲ್ಲಿ ಇಳಿದ ವಿಚಿತ್ರ ಪ್ರೊಫೆಸರನ್ನು ಪತ್ರಕರ್ತನಾಗಿ ಮಾತಾಡಿಸುವುದು ಅವರ ಕೆಲಸ. ಈ ಕೆಲಸ ನೋಡಲು ಸುಲಭ, ಮಾಡಲು ಬಹಳ ಕಷ್ಟ. ಎದುರಿನವರ ಮಾತನ್ನು ಕಿವಿಗೊಟ್ಟು ಕೇಳಬೇಕು. ಸರಿಯಾದ ಕ್ಷಣದಲ್ಲಿ ಒಂದೇ ಒಂದು ಪ್ರಶ್ನೆ ಹಾಕಿ ಸುಮ್ಮನಾಗಬೇಕು. ನಗು ಇನ್ನೊಬ್ಬರಿಗೆ ಹೋಗುತ್ತದೆ ಎಂದು ಬೇಸರ ಪಡಬಾರದು.

ಬಿಡುವಿದ್ದಾಗಲೆಲ್ಲ ರೈನರ್ ಬರಹಗಾರರ ಕೋಣೆಗೆ ಹೋಗಿ ಕೂರುತ್ತಿದ್ದರು. ಮೆಲ್ ಟೋಲ್ಕಿನ್, ಲೂಸಿಲ್ ಕ್ಯಾಲನ್, ಮೆಲ್ ಬ್ರೂಕ್ಸ್, ನೀಲ್ ಸೈಮನ್ ಅಂಥವರು ಅಲ್ಲಿ ಕೂಗಾಡುತ್ತ ಹಾಸ್ಯ ಕಟ್ಟುತ್ತಿದ್ದರು. ರೈನರ್ ಕೂಡ ಸಾಲುಗಳನ್ನು ಕೊಡುತ್ತಿದ್ದರು. ತೆರೆಯ ಮೇಲೆ ಬರಹಗಾರ ಎಂದು ಅವರ ಹೆಸರು ಬರುತ್ತಿರಲಿಲ್ಲ. ಹಾಗಿದ್ದರೂ ಬರೆಯುವುದನ್ನು ಅವರು ಕಲಿತದ್ದು ಅಲ್ಲೇ.

ಸೀಸರ್ ಅವರ ಮುಂದಿನ ಕಾರ್ಯಕ್ರಮವೂ 1957ರಲ್ಲಿ ಮುಗಿಯಿತು. ಆಗ ರೈನರ್‌ಗೆ ಹಾಸ್ಯ ಸರಣಿಗಳಲ್ಲಿ ನಟಿಸಲು ಕರೆ ಬಂತು. ಬಂದ ಸ್ಕ್ರಿಪ್ಟ್‌ಗಳು ಹಿಡಿಸಲಿಲ್ಲ. ಹೆಂಡತಿ ಎಸ್ಟೆಲ್ ಓದಿ ನೋಡಿ, ಇದಕ್ಕಿಂತ ಚೆನ್ನಾಗಿ ನೀವೇ ಬರೆಯಬಲ್ಲಿರಿ ಅಂದರು. ಏನು ಬರೆಯುವುದು? ಮ್ಯಾನ್‌ಹ್ಯಾಟನ್‌ನಲ್ಲಿ ಕಾರು ಓಡಿಸುತ್ತಿದ್ದಾಗ ಅವರಿಗೆ ಹೊಳೆದ ಪ್ರಶ್ನೆ ಇದು: ಬೇರೆ ಯಾರೂ ನಿಂತಿಲ್ಲದ, ನಾನು ಮಾತ್ರ ನಿಂತಿರುವ ನೆಲ ಯಾವುದು? ಉತ್ತರ ಕಣ್ಣೆದುರೇ ಇತ್ತು. ನ್ಯೂಯಾರ್ಕ್ ಹೊರವಲಯದ ನ್ಯೂ ರೊಶೆಲ್‌ನಲ್ಲಿ ಮನೆ, ಹೆಂಡತಿ, ಮಕ್ಕಳು. ನ್ಯೂಯಾರ್ಕ್ ನಗರದೊಳಗೆ ಟಿವಿ ಹಾಸ್ಯ ಬರೆಯುವವರ ಜೊತೆ ಕೆಲಸ. ಈ ಎರಡು ಜಾಗಗಳ ನಡುವೆ ಓಡಾಡುವ ಒಬ್ಬ ಮನುಷ್ಯ.

1958ರ ಬೇಸಿಗೆಯಲ್ಲಿ ನ್ಯೂಯಾರ್ಕ್ ಹತ್ತಿರದ ಫೈರ್ ಐಲ್ಯಾಂಡ್ ದ್ವೀಪದಲ್ಲಿ ಕೂತು 13 ಕಂತು ಬರೆದರು. ಒಂದೂ ಮಾರಾಟವಾಗದೆ 13! ಮುಂದೆ ಬೇರೆಯವರು ಬರೆಯಲು ಬಂದರೆ ಈ ಜನ ಹೇಗೆ ಮಾತಾಡುತ್ತಾರೆ, ಹೇಗೆ ಜಗಳವಾಡುತ್ತಾರೆ ಎಂದು ತಿಳಿಯಲಿ ಎಂಬುದು ಯೋಚನೆ. ನಮ್ಮಲ್ಲಿ ಧಾರಾವಾಹಿ ಬರೆಯುವ ಗೆಳೆಯರು ಇಲ್ಲಿದ್ದರೆ ಇದನ್ನು ಗಮನಿಸಬೇಕು. ಇವತ್ತಿನ ಚಿತ್ರೀಕರಣಕ್ಕೆ ಇವತ್ತೇ ದೃಶ್ಯ ಬರೆಯುವ ಒತ್ತಡದಲ್ಲಿ ಇರುವವರಿಗೆ ಆ 13 ಕಂತುಗಳ ಬೆಲೆ ಚೆನ್ನಾಗಿ ಗೊತ್ತಾಗುತ್ತದೆ, ಅಲ್ವಾ?

ಮೊದಲ ಮಾದರಿ ಕಂತು ತಯಾರಾಯಿತು. ನಾಯಕ ರಾಬ್ ಪೆಟ್ರಿಯಾಗಿ ರೈನರ್ ಅವರೇ. 1960ರ ಜುಲೈನಲ್ಲಿ ಸಿಬಿಎಸ್ ಟಿವಿ ವಾಹಿನಿಯಲ್ಲಿ ಒಮ್ಮೆ ಪ್ರಸಾರವೂ ಆಯಿತು. ಸರಣಿಯಾಗಿ ಯಾರೂ ಕೊಳ್ಳಲಿಲ್ಲ. ಇಷ್ಟು ಪ್ರೀತಿಯಿಂದ ಬರೆದದ್ದು ಹೀಗಾದ ಮೇಲೆ ಮತ್ತೆ ಮುಟ್ಟಲು ರೈನರ್‌ಗೆ ಮನಸ್ಸಿರಲಿಲ್ಲ.

ಆ ಸ್ಕ್ರಿಪ್ಟ್‌ಗಳು ಶೆಲ್ಡನ್ ಲೆನರ್ಡ್ ಕೈ ಸೇರಿದವು. ಇವರೂ ನಟರೇ. ಸಿನಿಮಾಗಳಲ್ಲಿ ರೌಡಿ ಪಾತ್ರ ಮಾಡಿ ಹೆಸರು ಪಡೆದು, ಆಮೇಲೆ ಟಿವಿ ನಿರ್ಮಾಪಕರಾದವರು. ಅವರು ಕೊಟ್ಟ ತೀರ್ಪು ಕಠಿಣ: ಬರಹ ಚೆನ್ನಾಗಿದೆ, ಆದರೆ ನಿಮ್ಮ ಪಾತ್ರಕ್ಕೆ ನಿಮಗಿಂತ ಸರಿಹೊಂದುವ ನಟ ಬೇಕು. ನಟನೊಬ್ಬನಿಗೆ ಇದಕ್ಕಿಂತ ನೋವಿನ ಮಾತು ಇರಲಾರದು. ರೈನರ್ ಒಪ್ಪಿದರು. ನ್ಯೂಯಾರ್ಕಿನ ಬ್ರಾಡ್‌ವೇ ರಂಗಭೂಮಿಯಲ್ಲಿ ‘ಬೈ ಬೈ ಬರ್ಡಿ’ ನಾಟಕದಲ್ಲಿ ಮಿಂಚುತ್ತಿದ್ದ ಡಿಕ್ ವ್ಯಾನ್ ಡೈಕ್ ಆ ಜಾಗಕ್ಕೆ ಬಂದರು. ಸರಣಿಗೂ ಅವರದೇ ಹೆಸರಾಯಿತು: ‘ದಿ ಡಿಕ್ ವ್ಯಾನ್ ಡೈಕ್ ಶೋ’.

ಇಲ್ಲಿ ನಾನು ಸ್ವಲ್ಪ ನಿಲ್ಲುತ್ತೇನೆ. ರೈನರ್ ಚುರುಕು ಮಾತಿನ ನಟ. ವ್ಯಾನ್ ಡೈಕ್ ಮೈಯಿಂದ ನಗಿಸುವ ನಟ. ಉದ್ದ ಕೈಕಾಲು, ಎಡವಿದರೂ ಕುಣಿದಂತೆ ಕಾಣುವ ದೇಹ. ರೈನರ್ ತಮ್ಮ ಬರಹವನ್ನು ಆ ದೇಹಕ್ಕೆ ಹೊಲಿದು ಕೊಟ್ಟರು. ರಾಬ್ ಪೆಟ್ರಿಯ ಊರು ಇಲಿನಾಯ್‌ನ ಡ್ಯಾನ್‌ವಿಲ್ ಆಯಿತು, ಅಂದರೆ ವ್ಯಾನ್ ಡೈಕ್ ಬೆಳೆದ ಊರು. ಮನೆ ಮಾತ್ರ ನ್ಯೂ ರೊಶೆಲ್‌ನಲ್ಲೇ ಉಳಿಯಿತು, ರೈನರ್ ಇದ್ದ ಬಾನಿ ಮೆಡೊ ರಸ್ತೆಯಲ್ಲೇ. ಸೀಸರ್ ಎದುರು ನಿಂತು ನಗುವನ್ನು ಬಿಟ್ಟುಕೊಟ್ಟು ಅಭ್ಯಾಸವಾಗಿದ್ದವರು ಈಗ ಪಾತ್ರವನ್ನೂ ಬಿಟ್ಟುಕೊಟ್ಟರು. ನಟನೆಯಲ್ಲಿ ಕಲಿತ ಗುಣವೇ ಅವರನ್ನು ಒಳ್ಳೆಯ ನಿರ್ಮಾಪಕರನ್ನಾಗಿ ಮಾಡಿತು ಎಂದು ನನಗೆ ಖಚಿತವಾಗಿ ಅನ್ನಿಸುತ್ತದೆ.

ಹೆಂಡತಿ ಲಾರಾ ಪಾತ್ರಕ್ಕೆ ಎಷ್ಟೋ ನಟಿಯರನ್ನು ನೋಡಿದರು. ಯಾರೂ ಸರಿ ಕಾಣಲಿಲ್ಲ. ಆಗ ನಟ, ನಿರ್ಮಾಪಕ ಡ್ಯಾನಿ ಥಾಮಸ್, ತಮ್ಮ ಸರಣಿಯಲ್ಲಿ ಮಗಳ ಪಾತ್ರಕ್ಕೆ ಬಂದು ಆಯ್ಕೆಯಾಗದಿದ್ದ ಒಬ್ಬ ಹುಡುಗಿಯನ್ನು ನೆನಪಿಸಿದರು. ಆಕೆ ಮೇರಿ ಟೈಲರ್ ಮೂರ್. ಒಂದೆರಡು ಸಾಲು ಓದುತ್ತಿದ್ದಂತೆ ರೈನರ್ ಆಕೆಯ ತಲೆಯ ಮೇಲೆ ಕೈಯಿಟ್ಟು ನೇರ ಲೆನರ್ಡ್ ಕೋಣೆಗೆ ಕರೆದುಕೊಂಡು ಹೋದರು. ಆಕೆ ‘ಹಲೋ’ ಅಂದದ್ದು ನಿಜವಾದ ಮನುಷ್ಯರು ಹೇಳಿದ ಹಾಗಿತ್ತಂತೆ. ಇಂಥದ್ದನ್ನು ಹಿಡಿಯಲು ನಟನ ಕಿವಿಯೇ ಬೇಕು.

ಮೊದಲ ಕಂತು 1961ರ ಅಕ್ಟೋಬರ್ 3ರಂದು ಬಂತು. ಮೊದಲ ವರ್ಷದ ಹೆಚ್ಚಿನ ಕಂತುಗಳನ್ನು ರೈನರ್ ಒಬ್ಬರೇ ಬರೆದರು. ನಟರನ್ನು ಮೇಜಿನ ಸುತ್ತ ಕೂರಿಸಿ ಓದಿಸುತ್ತಿದ್ದರು. ನಿಮ್ಮ ಮನೆಯಲ್ಲಿ ಏನು ನಡೆಯಿತು ಎಂದು ಕೇಳಿ, ಅದರಿಂದ ಕಥೆ ತೆಗೆಯುತ್ತಿದ್ದರು. ಆ ಕಾಲದಲ್ಲಿ ಮಾತ್ರ ಓಡಾಡುವ ಆಡುನುಡಿ, ಆ ವಾರದ ಸುದ್ದಿ ಇವು ಬೇಡ ಎಂದು ನಿಯಮ ಮಾಡಿದ್ದರು. ಮುಂದೆಯೂ ಜನ ನೋಡಬೇಕು ಎಂಬ ದೂರದ ಯೋಚನೆ ಅದು. ಮೂರ್ ಮನೆಯಲ್ಲಿ ಹಾಕುವಂಥ ಪ್ಯಾಂಟನ್ನೇ ಹಾಕಿಕೊಂಡು ನಟಿಸಿದಾಗ ಜಾಹೀರಾತುದಾರರು ತಕರಾರು ತೆಗೆದರು. ಹೆಂಗಸರು ಮನೆಯಲ್ಲಿ ಇರುವುದೇ ಹೀಗೆ ಎಂದು ಮೂರ್ ಹಟ ಹಿಡಿದರು, ಗೆದ್ದರು.

ನೋಡುಗರು ಮೊದಲ ವರ್ಷ ಜಾಸ್ತಿ ಬರಲಿಲ್ಲ. ಸಿಬಿಎಸ್ ನಿಲ್ಲಿಸಲು ಹೊರಟಿತು. ಲೆನರ್ಡ್ ಸಿನ್ಸಿನಾಟಿಗೆ ಹೋಗಿ ಪ್ರಾಕ್ಟರ್ ಅಂಡ್ ಗ್ಯಾಂಬಲ್ ಕಂಪನಿಯನ್ನು ಒಪ್ಪಿಸಿ ಪ್ರಾಯೋಜಕತ್ವ ಉಳಿಸಿಕೊಂಡರು. ಎರಡನೇ ವರ್ಷ ಸರಣಿ ಮೊದಲ ಹತ್ತರೊಳಗೆ ಬಂತು. ಒಟ್ಟು 158 ಕಂತು, ಅಮೆರಿಕದ ಟಿವಿಗೆ ಕೊಡುವ ಎಮ್ಮಿ ಪ್ರಶಸ್ತಿ 15. 1966ರಲ್ಲಿ ಚೆನ್ನಾಗಿ ಓಡುತ್ತಿರುವಾಗಲೇ ತಂಡ ತಾನಾಗಿ ನಿಲ್ಲಿಸಿತು.

ಮುಂದೆ 1970ರ ದಶಕದಲ್ಲಿ ವ್ಯಾನ್ ಡೈಕ್ ನಟಿಸುತ್ತಿದ್ದ ಇನ್ನೊಂದು ಸರಣಿಯನ್ನು ರೈನರ್ ನಡೆಸುತ್ತಿದ್ದಾಗ, ಒಂದು ಕಂತನ್ನು ಪ್ರಸಾರ ಮಾಡಲು ಸಿಬಿಎಸ್ ಒಪ್ಪಲಿಲ್ಲ. ರೈನರ್ ಕೆಲಸ ಬಿಟ್ಟು ಹೊರಬಂದರು. ಅವರು 2020ರಲ್ಲಿ, 98ನೇ ವಯಸ್ಸಿನಲ್ಲಿ ತೀರಿಕೊಂಡರು.

ಹಾಗಾದರೆ ತಾವೇ ಕಟ್ಟಿದ ಸರಣಿಯಲ್ಲಿ ಅವರು ನಟಿಸಲೇ ಇಲ್ಲವೇ? ನಟಿಸಿದರು. ರಾಬ್‌ನ ಬಾಸ್, ದರ್ಪದ ಟಿವಿ ತಾರೆ ಅಲನ್ ಬ್ರೇಡಿಯಾಗಿ. ಮೊದಮೊದಲು ದನಿ ಮಾತ್ರ, ಇಲ್ಲವೇ ಬೆನ್ನು ಮಾತ್ರ. ಆಮೇಲೆ ಮುಖ. ರೈನರ್‌ಗೆ ನಿಜವಾಗಿಯೂ ತಲೆ ಬೋಳಾಗಿತ್ತು, ತೆರೆಯ ಮೇಲೆ ವಿಗ್ ಹಾಕುತ್ತಿದ್ದರು. 1965ರ ಒಂದು ಕಂತಿನಲ್ಲಿ ಲಾರಾ ಟಿವಿ ಆಟದ ಕಾರ್ಯಕ್ರಮಕ್ಕೆ ಹೋಗಿ, ಬಾಯ್ತಪ್ಪಿ ಆ ಗುಟ್ಟನ್ನು ಇಡೀ ದೇಶಕ್ಕೆ ಹೇಳಿಬಿಡುತ್ತಾಳೆ. ಕ್ಷಮೆ ಕೇಳಲು ಬಂದರೆ, ಬ್ರೇಡಿ ತನ್ನ ವಿಗ್‌ಗಳನ್ನೆಲ್ಲ ಮೇಜಿನ ಮೇಲೆ ಸಾಲಾಗಿ ಇಟ್ಟುಕೊಂಡು ಅವುಗಳ ಜೊತೆ ಮಾತಾಡುತ್ತಿರುತ್ತಾನೆ. ಆ ಕಂತನ್ನು ಬರೆದದ್ದು ರೈನರ್ ಅಲ್ಲ, ಅವರು ಬೆಳೆಸಿದ ಬಿಲ್ ಪರ್ಸ್ಕಿ ಮತ್ತು ಸ್ಯಾಮ್ ಡೆನಾಫ್.

ಈಗ ದೀಪ ಆರಿಸಿ ಆ ಕಂತನ್ನೇ ನೋಡೋಣ. ಪ್ರಶ್ನೆಗಳಿದ್ದರೆ ಅದು ಮುಗಿದ ಮೇಲೆ ಕೇಳಿ.