ಮೈಕ್ ಇರೋದು ಅವರ ಕೈಯಲ್ಲಿ, ಆದ್ರೆ ಕೇಳಿಸದೇ ಇರೋದೂ ಅವರದೇ ದನಿ! | ಸಣ್ಣ ಹಾಲ್‌ನಲ್ಲಿ ರಾಕ್ ಬ್ಯಾಂಡ್

ನಮಸ್ಕಾರ. ನಮ್ಮ ವೀಕ್ಷಕರೊಬ್ಬರು ಒಂದು ಪ್ರಶ್ನೆ ಕಳಿಸಿದ್ರು, ಅದು ನನ್ನ ತಲೇಲಿ ಹುಳ ಬಿಟ್ಟ ಹಾಗಾಯ್ತು. ಬೆಂಗಳೂರಲ್ಲಿ ಒಂದು ಸಣ್ಣ ಜಾಗಕ್ಕೆ ರಾಕ್ ಬ್ಯಾಂಡ್ ನೋಡೋಕೆ ಹೋಗಿದ್ರಂತೆ. ಸ್ಟೇಜ್ ಮುಂದೇನೇ ನಿಂತಿದ್ರಂತೆ. ಡ್ರಮ್ಸ್ ಎದೆಗೆ ಗುದ್ದುತ್ತಿತ್ತು, ಗಿಟಾರ್ ಕಿವಿ ಕೊರೀತಿತ್ತು, ಆದ್ರೆ ಹಾಡೋರು ಏನು ಹಾಡಿದ್ರು ಅಂತ ಒಂದು ಪದಾನೂ ಗೊತ್ತಾಗಲಿಲ್ಲ. "ಮೈಕ್ ಇರೋದೇ ಅವರ ಕೈಯಲ್ಲಿ, ಅವರದೇ ಕೇಳಿಸಲ್ಲ ಅಂದ್ರೆ ಹೇಗೆ?"

ಇಂಗ್ಲಿಷ್ ಹಾಡಾದ್ರೆ "ಹೋಗ್ಲಿ ಬಿಡಿ" ಅನ್ನಬಹುದು. ಆದ್ರೆ ರಘು ದೀಕ್ಷಿತ್ ಶಿಶುನಾಳ ಶರೀಫರ ತತ್ವಪದ ಹಾಡ್ತಾರೆ, ಸ್ವರಾತ್ಮ ಬ್ಯಾಂಡ್ ಕನ್ನಡದಲ್ಲೂ ಹಾಡುತ್ತೆ. ಶರೀಫರ ಪದದಲ್ಲಿ ಪದಾನೇ ಕೇಳಿಸದೇ ಇದ್ರೆ ಉಳಿಯೋದೇನು?

ಇಂಥ ಹೊತ್ತಲ್ಲಿ ಎಲ್ಲರೂ ಹಿಂದೆ ತಿರುಗಿ ಸೌಂಡ್ ಎಂಜಿನಿಯರ್‌ನ ಗುರಾಯಿಸ್ತಾರೆ. ಪಾಪ, ತಪ್ಪು ಬಹಳಷ್ಟು ಸಲ ಅವರದಲ್ಲ.

ಡೆಸಿಬೆಲ್ ಅಂದ್ರೇನು ಅಂತ ಶಾಲೇಲಿ ಓದಿದೀರ, ಅದಕ್ಕೆ ಟೈಮ್ ಹಾಕಲ್ಲ. ಒಂದು ನೆನಪಿಟ್ಕೊಳ್ಳಿ: 10 ಡೆಸಿಬೆಲ್ ಏರಿದ್ರೆ ಶಬ್ದದ ಶಕ್ತಿ 10 ಪಟ್ಟು. ಮಾಮೂಲಿ ಮಾತು ಸುಮಾರು 60. ಡ್ರಮ್ಸ್ ಹತ್ತಿರ ಹೋದ್ರೆ 100 ದಾಟೋದು ಸಾಮಾನ್ಯ. ಅದೂ ಮೈಕ್ ಇಲ್ಲದೆ, ಬರೀ ಕೋಲಲ್ಲಿ ಹೊಡೆದ್ರೆ.

ಇಲ್ಲೇ ಇರೋದು ಗಂಟು. ದೊಡ್ಡ ಮೈದಾನದಲ್ಲಿ ಡ್ರಮ್ಸ್ ಸದ್ದು ಹರಡಿ ಹೋಗುತ್ತೆ. ದೂರ ಎರಡು ಪಟ್ಟಾದ್ರೆ 6 ಡೆಸಿಬೆಲ್ ಇಳಿಯುತ್ತೆ. ಅಲ್ಲಿ ಎಲ್ಲ ವಾದ್ಯಾನೂ ಸ್ಪೀಕರ್ ಮೂಲಕವೇ ನಿಮಗೆ ತಲುಪೋದು, ಹಾಗಾಗಿ ಎಂಜಿನಿಯರ್ ಹೇಳಿದ ಹಾಗೆ ನಡೆಯುತ್ತೆ. ಸಣ್ಣ ಹಾಲ್‌ನಲ್ಲಿ ಹಾಗಿಲ್ಲ. ಡ್ರಮ್ಸ್‌ಗೆ ವಾಲ್ಯೂಮ್ ಬಟನ್ ಇಲ್ಲ ಸ್ವಾಮಿ! ಅದು ಎಷ್ಟು ಜೋರೋ ಅಷ್ಟಕ್ಕಿಂತ ಕೆಳಗೆ ಬೇರೆ ಯಾರೂ ಇರೋ ಹಾಗಿಲ್ಲ.

ಯಕ್ಷಗಾನದವರಿಗೆ ಈ ಲೆಕ್ಕ ಚೆನ್ನಾಗಿ ಗೊತ್ತು. ಭಾಗವತರು ಕರುಣ ರಸದ ಪದ್ಯ ಎತ್ತಿಕೊಂಡ್ರೆ ಚಂಡೆಯವರು ಕೋಲು ತಡೆದು ಕೂರ್ತಾರೆ, ಮದ್ದಳೆ ಮಾತ್ರ ಜೊತೆಗೆ. ವೀರರಸ ಬಂತು, ಯುದ್ಧ ಬಂತು ಅಂದಾಗ ಚಂಡೆ. ರಾಕ್‌ನಲ್ಲಿ ಏನಾಗುತ್ತೆ ಅಂದ್ರೆ, ಮೊದಲ ಹಾಡಿಂದ ಕೊನೇ ಹಾಡಿನವರೆಗೂ ಕುರುಕ್ಷೇತ್ರವೇ.

ಡ್ರಮ್ಸ್ ಮಧ್ಯೆ ತನ್ನ ಗಿಟಾರ್ ತನಗೇ ಕೇಳಿಸಲ್ಲ ಅಂತ ಗಿಟಾರಿಸ್ಟ್ ಆಂಪ್, ಅಂದ್ರೆ ಗಿಟಾರ್ ಸದ್ದು ಜೋರು ಮಾಡೋ ಪೆಟ್ಟಿಗೆ, ಅದನ್ನ ಏರಿಸ್ತಾನೆ. ಅದನ್ನ ನೋಡಿ ಬೇಸ್ ಗಿಟಾರ್‌ನವನು ಏರಿಸ್ತಾನೆ. ಡ್ರಮ್ಮರ್ ಇನ್ನೂ ಜೋರಾಗಿ ಹೊಡೀತಾನೆ. 100 ವಾಟ್‌ನ ದೈತ್ಯ ಮಾರ್ಷಲ್ ಆಂಪ್ ಹುಟ್ಟಿದ್ದೇ 1965ರಲ್ಲಿ, ಲಂಡನ್ನಿನಲ್ಲಿ, 'ದಿ ಹೂ' ಬ್ಯಾಂಡ್‌ನವರು ಇನ್ನೂ ಜೋರು ಬೇಕು ಅಂತ ಕೇಳಿದ್ದಕ್ಕೆ. ಅದನ್ನ ತಂದು ನೂರು ಜನ ಹಿಡಿಯೋ ರೂಮಲ್ಲಿ ಇಟ್ಟರೆ! 50 ವಾಟ್‌ಗೆ ಇಳಿಸಿದ್ರೆ ಸಾಲದಾ ಅಂದ್ರೆ, ಸಾಲದು. ವ್ಯತ್ಯಾಸ ಬರೀ 3 ಡೆಸಿಬೆಲ್.

ಸರಿ, ಹಾಡೋರ ಮೈಕೂ ಏರಿಸಿಬಿಡಿ ಅಂತೀರಾ? ಏರಿಸಿದ್ರೆ ಕೂಂಯ್ಯ್ಯ್... ಊರ ಹಬ್ಬದಲ್ಲಿ, ಶಾಲಾ ವಾರ್ಷಿಕೋತ್ಸವದಲ್ಲಿ ಕೇಳಿದೀರಲ್ಲ, ಅದೇ. ಸ್ಪೀಕರ್‌ನಿಂದ ಬಂದ ದನಿ ಮತ್ತೆ ಮೈಕ್‌ಗೆ ಹೋಗಿ, ಮತ್ತೆ ಸ್ಪೀಕರ್‌ನಿಂದ ಬಂದು, ಸುತ್ತುತ್ತಾ ಬೆಳೆಯುತ್ತೆ, ಇದಕ್ಕೇ ಫೀಡ್‌ಬ್ಯಾಕ್ ಅನ್ನೋದು. ಸಣ್ಣ ಜಾಗದಲ್ಲಿ ಮೈಕ್, ಸ್ಪೀಕರ್, ಗೋಡೆ ಎಲ್ಲ ಒಂದಕ್ಕೊಂದು ಅಂಟಿಕೊಂಡೇ ಇರೋದ್ರಿಂದ ಈ ಕಿರುಚಾಟ ಬೇಗ ಶುರು. ಅಂದ್ರೆ ಹಾಡೋರ ದನಿಗೆ ಕೆಳಗಡೆ ಡ್ರಮ್ಸ್ ಅನ್ನೋ ನೆಲ, ಮೇಲ್ಗಡೆ ಫೀಡ್‌ಬ್ಯಾಕ್ ಅನ್ನೋ ಸೂರು. ಮಧ್ಯೆ ಉಳಿಯೋದು ಒಂದು ಗೇಣು ಜಾಗ.

ಆ ಗೇಣನ್ನೂ ಹಾಡೋರೇ ಹಾಳು ಮಾಡ್ಕೋತಾರೆ. 1966ರಲ್ಲಿ ಬಂದ ಶೂರ್ ಎಸ್‌ಎಂ58 ಇವತ್ತಿಗೂ ಎಲ್ಲಾ ಸ್ಟೇಜಲ್ಲೂ ಕಾಣೋ ಮೈಕ್. ಅದು ಮುಂದಿನ ದನೀನ ಚೆನ್ನಾಗಿ ಹಿಡಿಯುತ್ತೆ, ಹಿಂದಿನದನ್ನ ಹೆಚ್ಚುಕಮ್ಮಿ ಬಿಟ್ಟುಬಿಡುತ್ತೆ. ಈ ಗುಣ ಬರೋದು ಜಾಲರಿಯ ಹಿಂಬದಿಯಿಂದಲೂ ಗಾಳಿಗೆ ದಾರಿ ಇರೋದ್ರಿಂದ. ಕೆಲವರು ಸ್ಟೈಲ್ ಅಂತ ಜಾಲರೀನೇ ಮುಷ್ಟಿಯಲ್ಲಿ ಮುಚ್ಚಿ ಹಿಡೀತಾರೆ. ದಾರಿ ಬಂದ್! ಆಮೇಲೆ ಮೈಕ್‌ಗೆ ಹಿಂದು ಮುಂದು ಗೊತ್ತಾಗಲ್ಲ, ಎಲ್ಲಾ ಕಡೆಯ ಗಲಾಟೆ ಒಳಗೆ ಬರುತ್ತೆ. ಪೋಸ್ ಚೆನ್ನಾಗಿರುತ್ತೆ, ದನಿ ಮಾತ್ರ ಗೋವಿಂದ.

ಈಗ ನನಗೆ ತುಂಬಾ ಇಷ್ಟದ ಭಾಗ. ಇದಕ್ಕೇ ಈ ವಿಡಿಯೋ ಮಾಡಿದ್ದು ಅಂದ್ರೂ ತಪ್ಪಿಲ್ಲ.

[ಸ್ಕ್ರೀನ್ ಮೇಲೆ: ಹಾರ್ವರ್ಡ್, 1895]

ಹಾರ್ವರ್ಡ್‌ನಲ್ಲಿ ಹೊಸದಾಗಿ ಒಂದು ಉಪನ್ಯಾಸದ ಹಾಲ್ ಕಟ್ಟಿದ್ರು. ಒಂದು ಮಾತಾಡಿದ್ರೆ ಅದರ ಮೊಳಗು ಐದೂವರೆ ಸೆಕೆಂಡ್ ನಿಲ್ತಿತ್ತು. ಮೇಷ್ಟ್ರು ಮುಂದಿನ ವಾಕ್ಯಕ್ಕೆ ಹೋದ್ರೂ ಹಿಂದಿನ ವಾಕ್ಯ ಹೋಗ್ತಿರಲಿಲ್ಲ. ಸರಿ ಮಾಡಪ್ಪ ಅಂತ ಭೌತಶಾಸ್ತ್ರದ ಒಬ್ಬ ಚಿಕ್ಕ ವಯಸ್ಸಿನ ಮೇಷ್ಟ್ರಿಗೆ ಹೇಳಿದ್ರು. ಹೆಸರು ವಾಲೇಸ್ ಸೇಬಿನ್. ಆತ ಏನ್ ಮಾಡಿದ ಗೊತ್ತಾ? ರಾತ್ರಿ ಹೊತ್ತು, ಊರೆಲ್ಲ ಮಲಗಿದ ಮೇಲೆ, ಹತ್ತಿರದ ಸ್ಯಾಂಡರ್ಸ್ ಥಿಯೇಟರ್‌ನ ಸೀಟಿನ ದಿಂಬುಗಳನ್ನ ಹೊರಿಸಿಕೊಂಡು ಬಂದ. ಒಂದಿಷ್ಟು ದಿಂಬು ಹಾಕೋದು, ಆರ್ಗನ್ ಕೊಳವೆ ಊದಿಸೋದು, ಸದ್ದು ಅಡಗೋಕೆ ಎಷ್ಟು ಹೊತ್ತು ಅಂತ ಗಡಿಯಾರ ಹಿಡಿದು ಕಿವಿಯಲ್ಲೇ ಅಳೆಯೋದು, ಇನ್ನಷ್ಟು ದಿಂಬು ಹಾಕೋದು. ಬೆಳಗಾಗೋದ್ರೊಳಗೆ ಎಲ್ಲಾ ವಾಪಸ್.

ಒಂದು ಹಂತದಲ್ಲಿ ಲೆಕ್ಕ ಹೊಂದಲೇ ಇಲ್ಲ. ಕಾರಣ ಹುಡುಕಿದ್ರೆ, ಆತ ಹಾಕಿದ್ದ ಬಟ್ಟೆ! ಒಬ್ಬ ಮನುಷ್ಯನ ಉಡುಪು ಬದಲಾದ್ರೂ ಅಳತೆ ಬದಲಾಗ್ತಿತ್ತು. ಸಾವಿರಾರು ಅಳತೆಗಳನ್ನ ಪಕ್ಕಕ್ಕೆಸೆದ. ಅಲ್ಲಿಂದ ಮುಂದೆ ಪ್ರಯೋಗಕ್ಕೆ ಅಂತಲೇ ಒಂದು ಜೊತೆ ಬಟ್ಟೆ: ನೀಲಿ ಕೋಟು, ದಪ್ಪ ಪ್ಯಾಂಟು, ಎತ್ತರದ ಶೂ, ಒಳಉಡುಪು ಎಂಥದ್ದು ಅನ್ನೋದೂ ಸೇರಿ ಬರೆದಿಟ್ಟಿದಾನೆ. ವಿಜ್ಞಾನಕ್ಕಾಗಿ ಬಟ್ಟೆ ಬದಲಿಸದೇ ಇದ್ದವರು! ನಮ್ಮ ಹಾಸ್ಟೆಲ್‌ನಲ್ಲೂ ಕೆಲವರಿದ್ರು, ಅವರದು ಬೇರೆ ಕಾರಣ.

ದಿಂಬು, ಬಟ್ಟೆ ಎಲ್ಲ ಎಷ್ಟು ಸದ್ದು ಹೀರುತ್ತೆ ಅಂತ ಹೇಳೋಕೆ ಆತ ಅಳತೆಗೆ ಇಟ್ಕೊಂಡಿದ್ದು ತೆರೆದ ಕಿಟಕಿ. ಅಲ್ಲಿಂದ ಹೋದ ಸದ್ದು ವಾಪಸ್ ಬರಲ್ಲ ತಾನೇ? ಸೇಬಿನ್ ಲೆಕ್ಕದಲ್ಲಿ ಪ್ರೇಕ್ಷಕ ಒಬ್ಬ ಅಂದ್ರೆ ಅರ್ಧ ಚದರ ಮೀಟರ್‌ಗಿಂತ ಸ್ವಲ್ಪ ಕಮ್ಮಿ ತೆರೆದ ಕಿಟಕಿ. 200 ಜನ ಬಂದ್ರು ಅಂದ್ರೆ ಗೋಡೆಯಲ್ಲಿ ಸುಮಾರು 90 ಚದರ ಮೀಟರ್ ಕಿಟಕಿ ಕೊರೆದ ಹಾಗೆ.

ಈಗ ನಮ್ಮ ಬ್ಯಾಂಡ್‌ಗೆ ಬನ್ನಿ. ಸೌಂಡ್ ಚೆಕ್ ಆಗೋದು ಮಧ್ಯಾಹ್ನ, ಖಾಲಿ ಹಾಲ್‌ನಲ್ಲಿ. ಸಂಜೆ ನೀವು ಬರ್ತೀರ, ಹಾಲ್ ಬೇರೆಯದೇ ಆಗಿಬಿಡುತ್ತೆ. ಮೊದಲೆರಡು ಹಾಡು ಕಲಸುಮೇಲೋಗರ ಆಗೋದು ಇದಕ್ಕೇ; ಎಂಜಿನಿಯರ್ ಆಗ ಮಧ್ಯಾಹ್ನದ ಲೆಕ್ಕಾನ ಹೊಸದಾಗಿ ಮಾಡ್ತಿರ್ತಾರೆ. ಜನ ಕಮ್ಮಿ ಇದ್ರೆ ಇನ್ನೂ ಕಷ್ಟ, ಗೋಡೆಗಳೆಲ್ಲ ಮೊಳಗುತ್ತೆ. ಜನ ತುಂಬಿದ್ರೆ ಆ ಮೊಳಗು ತಗ್ಗಿ ಪದಗಳು ಬಿಡಿಬಿಡಿಯಾಗಿ ಬರ್ತವೆ. ಹಾಗಾಗಿ ಗೆಳೆಯರನ್ನ ಕರ್ಕೊಂಡು ಹೋಗಿ. ಸಂಗೀತ ಗೊತ್ತಿಲ್ಲದಿದ್ರೂ ಪರವಾಗಿಲ್ಲ, ದಿಂಬಿನ ಕೆಲಸ ಮಾಡ್ತಾರೆ.

ಆದ್ರೆ ಮೈ, ಬಟ್ಟೆ ಎಲ್ಲ ಹೀರೋದು ಮೇಲಿನ ಸ್ವರಗಳನ್ನ. ಬೇಸ್, ಅಂದ್ರೆ ಕೆಳಗಿನ ಸ್ವರಗಳು, ಅಷ್ಟಾಗಿ ಬಗ್ಗಲ್ಲ, ಗೋಡೆ ಮೂಲೆಗಳಲ್ಲಿ ಗುಡ್ಡೆ ಬೀಳುತ್ತೆ. ಇನ್ನು ಕ, ಟ, ಸ ಥರದ ವ್ಯಂಜನಗಳ ತುದಿ ಇರೋ ಎತ್ತರದಲ್ಲೇ ಡ್ರಮ್ಸ್ ಜೊತೆಗಿರೋ ಸಿಂಬಲ್‌ಗಳೂ, ಅಂದ್ರೆ ಆ ಲೋಹದ ತಟ್ಟೆಗಳೂ, ಕುಂತಿರ್ತವೆ. ಹಾಗಾಗಿ ನಿಮಗೆ "ಆ... ಓ..." ಕೇಳುತ್ತೆ, ಪದ ಕೇಳಲ್ಲ.

ಟೈಮ್ ಜಾಸ್ತಿ ಆಯ್ತು, ಎಡಿಟ್ ಮಾಡೋರು ಆಗಲೇ ಕೈ ಸನ್ನೆ ಮಾಡ್ತಿದಾರೆ. ಬೇಗ ಬೇಗ ಹೇಳ್ತೀನಿ.

ಎಲ್ಲಿ ನಿಲ್ಲಬೇಕು? ಸ್ಟೇಜಿಗೆ ಅಂಟಿಕೊಂಡು ಬೇಡ. ಅಲ್ಲಿ ಡ್ರಮ್ಸ್, ಆಂಪ್ ನೇರವಾಗಿ ಬರುತ್ತೆ, ದನಿ ಬರೋ ಸ್ಪೀಕರ್‌ಗಳು ನಿಮ್ಮ ತಲೆ ದಾಟಿ ಹಿಂದಕ್ಕೆ ನೋಡ್ತಿರ್ತವೆ. ಮೂಲೇನೂ ಬೇಡ. ಎಂಜಿನಿಯರ್ ಮಿಕ್ಸರ್, ಅಂದ್ರೆ ಎಲ್ಲರ ಸದ್ದೂ ಹೊಂದಿಸೋ ಯಂತ್ರ, ಇಟ್ಕೊಂಡಿರೋ ಜಾಗದ ಮುಂದೆ ನಿಂತ್ಕೊಳ್ಳಿ, ಅವರು ಹೊಂದಿಸ್ತಿರೋದು ಅಲ್ಲಿಗೆ ಕೇಳೋ ಸದ್ದನ್ನೇ.

ಕಿವಿ? 85 ಡೆಸಿಬೆಲ್ ಆದ್ರೆ ದಿನಕ್ಕೆ 8 ಗಂಟೆ ತಡೆಯುತ್ತೆ, ಪ್ರತಿ 3 ಡೆಸಿಬೆಲ್‌ಗೆ ಅರ್ಧ ಅಂತ ಕೆಲಸದ ಜಾಗದ ಸುರಕ್ಷತೆ ನೋಡೋ ಅಮೆರಿಕದ ನಯೋಶ್ ಸಂಸ್ಥೆಯ ಲೆಕ್ಕ. 100ಕ್ಕೆ ಬಂದ್ರೆ 15 ನಿಮಿಷ. ಶೋ ಇರೋದು ಒಂದೂವರೆ ಗಂಟೆ. ಇಯರ್‌ಪ್ಲಗ್ ಹಾಕ್ಕೊಳ್ಳಿ, ಸ್ಪಂಜಿನದು ಪದಗಳನ್ನೇ ಮೊದಲು ನುಂಗುತ್ತೆ, ಸಂಗೀತಗಾರರು ಹಾಕೋ ಫಿಲ್ಟರ್ ಇರೋದು ವಾಸಿ.

ಇನ್ನು ಅಕ್ಕಪಕ್ಕದ ಮನೆಯವರು. ಗೋಡೆ ದಾಟೋದು ಬೇಸ್ ಮಾತ್ರ. ಒಳಗಿರೋ ನಮಗೇ ಹಾಡು ಕೇಳಿಸಲ್ಲ, ಅವರಿಗೆ ರಾತ್ರಿಯೆಲ್ಲ ಬರೀ ಧಬ್ ಧಬ್. ಅವರ ಸಿಟ್ಟು ನ್ಯಾಯವೇ. ಬೆಂಗಳೂರಲ್ಲಿ ಇಂಥ ಜಾಗಗಳಿಗೆ 2005ರ ಒಂದು ಪರವಾನಗಿ ಆದೇಶ ಇದೆ, 2018ರಲ್ಲಿ ಸುಪ್ರೀಂ ಕೋರ್ಟ್ ಅದನ್ನ ಎತ್ತಿಹಿಡೀತು, ಆಮೇಲೆ ಎಷ್ಟೋ ಕಡೆ ಲೈವ್ ಸಂಗೀತ ನಿಂತೇಹೋಯ್ತು. ಇಂದಿರಾನಗರದ 'ಹಮ್ಮಿಂಗ್ ಟ್ರೀ' 2019ರಲ್ಲಿ ಬಾಗಿಲು ಹಾಕಿತು. ಅದರ ಕಥೆ ಇನ್ನೊಂದು ವಿಡಿಯೋಗೇ ಬೇಕು.

ಕೊನೇದಾಗಿ, ಅದೇ ವೀಕ್ಷಕರ ಇನ್ನೊಂದು ಪ್ರಶ್ನೆ: ಹಾಡೋರು ಹಾಡ್ತಾ ಹಾಡ್ತಾ ಬೆರಳು ಮೇಲಕ್ಕೆ ತೋರಿಸ್ತಾರಲ್ಲ, ಅದೇನು ಭಾವಪರವಶತೆಯಾ? ಅಲ್ಲ ಸ್ವಾಮಿ. ಕಾಲ ಹತ್ತಿರ ಇರೋ ಮಾನಿಟರ್ ಸ್ಪೀಕರ್‌ನಲ್ಲಿ ನನ್ನ ದನಿ ನನಗೇ ಕೇಳಿಸ್ತಿಲ್ಲ, ಸ್ವಲ್ಪ ಏರಿಸಪ್ಪಾ ಅಂತ ಎಂಜಿನಿಯರ್‌ಗೆ ಹೇಳ್ತಿರೋದು.