ತಾರೀಖು ನೋಡಿ ಸ್ವಾಮಿ!

ನಮಸ್ಕಾರ. ಕಳೆದ ಎಪಿಸೋಡಿನಲ್ಲಿ ನಾಸಾ ವಿಮಾನ ಧೂಮಕೇತುವಿನ ಧೂಳು ಹಿಡಿದ ಕಥೆ ಹೇಳಿದ್ದೆ. ಅದಕ್ಕೆ ಒಬ್ಬರು ಕಾಮೆಂಟ್ ಹಾಕಿದ್ದಾರೆ. "ವಿಮಾನಕ್ಕೆ ಎಣ್ಣೆ ಬಳಿದು ಧೂಳು ಹಿಡಿದರಂತೆ, ಅದು ಧೂಮಕೇತುವಿನದ್ದಂತೆ. ನಮ್ಮನೆ ಫ್ಯಾನ್ ಮೇಲೂ ಇದೆ, ಕಳಿಸ್ಲಾ?" ಅದಕ್ಕೆ ರಾಶಿ ಲೈಕು ಬೇರೆ. ನನ್ನ ವಿಡಿಯೋಗೇ ಅಷ್ಟು ಬಂದಿಲ್ಲ!

ಸ್ವಾಮಿ, ನಾಸಾದ ಇಆರ್-2 ವಿಮಾನ ಹಾರುವುದು ಸುಮಾರು 20 ಕಿಲೋಮೀಟರ್ ಎತ್ತರದಲ್ಲಿ. ನೆಲದ ಧೂಳು ಅಷ್ಟು ಮೇಲೆ ಹೋಗುವುದು ತೀರಾ ಕಮ್ಮಿ. ರೆಕ್ಕೆಯ ಹತ್ತಿರ ಸಿಲಿಕೋನ್ ಎಣ್ಣೆ ಬಳಿದ ಪ್ಲೇಟು. ಅದಕ್ಕೆ ಅಂಟುವ ಕಣ ತಲೆಕೂದಲಿಗಿಂತ ಸಣ್ಣದು. ಸೂಕ್ಷ್ಮದರ್ಶಕದಲ್ಲಿ ನೋಡಿದರೆ ಕಪ್ಪಗೆ, ತೂತು ತೂತಾಗಿ, ಸಣ್ಣ ಸಣ್ಣ ಕಾಳುಗಳ ಗೊಂಚಲು.

ಇರಲಿ, ನನ್ನ ಮಾತು ಎಣ್ಣೆಯದ್ದಲ್ಲ. ತಾರೀಖಿನದ್ದು. 2003ರ ಏಪ್ರಿಲ್‌ನಲ್ಲಿ ಭೂಮಿ ಗ್ರಿಗ್-ಸ್ಕೆಲೆರಪ್ ಧೂಮಕೇತು ಬಿಟ್ಟುಹೋದ ಧೂಳಿನ ಹಾದಿ ದಾಟುತ್ತದೆ ಅಂತ ಸ್ಕಾಟ್ ಮೆಸೆಂಜರ್ ಎಂಬ ವಿಜ್ಞಾನಿ ಒಂದು ವರ್ಷ ಮೊದಲೇ ಲೆಕ್ಕ ಹಾಕಿದ್ದರು. ಆ ಹೊತ್ತಿಗೆ ಸರಿಯಾಗಿ ವಿಮಾನ ಹಾರಿಸಿದರು. ಸಿಕ್ಕ ಕಣಗಳಲ್ಲಿ ಕೆಲವದರಲ್ಲಿ ಸೂರ್ಯನಿಗಿಂತ ಹಳೆಯ ನಕ್ಷತ್ರಗಳ ಚೂರು ಬೇರೆ ಕಡೆಗಿಂತ ಜಾಸ್ತಿ. ಒಂದು ಕಣದಲ್ಲಂತೂ ಮ್ಯಾಂಗನೀಸ್ ಮತ್ತು ಸಿಲಿಕಾನ್ ಸೇರಿದ ಹೊಸ ಖನಿಜ! ಈ ಧೂಳಿನ ಕೆಲಸ ಶುರು ಮಾಡಿದ ಡೊನಾಲ್ಡ್ ಬ್ರೌನ್ಲೀ ಹೆಸರನ್ನೇ ಅದಕ್ಕೆ ಇಟ್ಟರು, ಬ್ರೌನ್ಲೀಐಟ್ ಅಂತ.

"ಕ್ಷುದ್ರಗ್ರಹದ ಧೂಳೂ ಬೆರೆತಿರುತ್ತಲ್ವಾ?" ಬೆರೆತಿರಲಿ ಬಿಡಿ. ರಾಕೆಟ್ ಹೊಗೆಯ ಕಣ, ಜ್ವಾಲಾಮುಖಿಯ ಬೂದಿ ಕೂಡ ಅಂಟುತ್ತದೆ. ಅದಕ್ಕೇ ಒಂದೊಂದೇ ಕಣವನ್ನು ಸೂಜಿಯಲ್ಲಿ ಎತ್ತಿ, ತೊಳೆದು ನೋಡುವುದು. ಸುಮ್ನೆ ಗುಡಿಸಿ ಡಬ್ಬಿಗೆ ಹಾಕುವುದಿಲ್ಲ. ಜೊತೆಗೆ, ಯಾವ ಧೂಮಕೇತುವಿನ ಹಾದಿ ಅಂತ ಹೇಳಲು ತಾರೀಖೂ ಇದೆ!

ಇನ್ನೊಬ್ಬ ಮಹಾನುಭಾವರು: "ಸ್ಟಾರ್‌ಡಸ್ಟ್ ನೌಕೆ ವಿಲ್ಡ್-2 ಧೂಮಕೇತುವಿನ ಹತ್ತಿರವೇ ಹೋಗಿ 2006ರಲ್ಲಿ ಧೂಳು ತಂತಲ್ಲ, ವಿಮಾನ ಯಾಕೆ?" ತಂತು ಸ್ವಾಮಿ. ಸೆಕೆಂಡಿಗೆ 6 ಕಿಲೋಮೀಟರ್ ವೇಗದಲ್ಲಿ ಏರೋಜೆಲ್ ಎಂಬ ತೀರಾ ಹಗುರವಾದ, ಸ್ಪಂಜಿನಂಥ ವಸ್ತುವಿಗೆ ಗುದ್ದಿ ಎಷ್ಟೋ ಕಣ ಒಡೆದವು, ಕರಗಿದವು. ವಿಮಾನಕ್ಕೆ ಸಿಗುವ ಕಣ ತೆಳುಗಾಳಿಯಲ್ಲಿ ವೇಗ ಕಳೆದುಕೊಂಡು, ಆಮೇಲೆ ಮೆಲ್ಲಗೆ ಇಳಿದು ಬಂದದ್ದು. ಎರಡೂ ಬೇಕು. ಹಾಂ, ಬೆಲ್ ಐಕಾನ್ ಒತ್ತಿ, ಅದೂ ಬೇಕು.

ಮತ್ತೆ ಹೇಳುತ್ತೇನೆ, ತಾರೀಖು! ಪಂಚಾಂಗ ನೋಡದೆ ಹೊಸ ಮನೆಯಲ್ಲಿ ಹಾಲುಕ್ಕಿಸದ ಜನ ನೀವು. ವಿಜ್ಞಾನಿ ದಿನ ನೋಡಿ ಹೊರಟರೆ ಮಾತ್ರ ನಗು ಬರುತ್ತಾ? ಏನೇ ಹೇಳಿ, ನಾನಂತೂ ಒಪ್ಪಿದ್ದೇನೆ, ನನ್ನ ಎಡಿಟರ್ ಕೂಡ ಒಪ್ಪಿದ್ದಾನೆ. ಸಂಬಳ ಬಾಕಿ ಇದೆ, ಒಪ್ಪದೆ ಏನು ಮಾಡುತ್ತಾನೆ? ಬೈಯುವವರು ಬೈಯಿರಿ. ಸಬ್‌ಸ್ಕ್ರೈಬ್ ಮಾಡಿಕೊಂಡು ಬೈಯಿರಿ.