200 ಚಂದ್ರರಲ್ಲಿ ಉಳಿದದ್ದು 36

ಈ ಎರಡು ಚಂದ್ರರನ್ನು ನೋಡಿ. ಎಡಗಡೆ ಇರುವುದು ಒಂದೇ ಕ್ಲಿಕ್ಕಿನದು, ಬಲಗಡೆ ಇರುವುದು 36 ಫೋಟೋ ಒಂದರ ಮೇಲೊಂದು ಕೂರಿಸಿ ಮಾಡಿದ್ದು. ಕ್ಯಾಮೆರಾ ಅದೇ, 300 ಎಂಎಂ ಲೆನ್ಸ್ ಅದೇ, ರಾತ್ರಿಯೂ ಅದೇ. ಹೊಸ ಲೆನ್ಸ್ ತಗೊಂಡ್ರಾ ಅಂತ ಕೇಳಬೇಡಿ, ದುಡ್ಡಿಲ್ಲ.

ಮೊನ್ನೆ ದಶಮಿ ದಿನ ನಮ್ಮ ತಾರಸಿ ಮೇಲೆ ಟ್ರೈಪಾಡ್ ಇಟ್ಟೆ. ಹುಣ್ಣಿಮೆಗೆ ಯಾಕೆ ಕಾಯಲಿಲ್ಲ ಅಂದ್ರೆ, ಅವತ್ತು ಚಂದ್ರನ ಮೇಲೆ ಬಿಸಿಲು ನಮ್ಮ ಕಡೆಯಿಂದಲೇ ನೇರ ಬೀಳುತ್ತದೆ, ನೆರಳು ಕಾಣುವುದಿಲ್ಲ, ಫೋಟೋದಲ್ಲಿ ಬರೀ ಬಿಳಿ ತಟ್ಟೆ. ದಶಮಿಗೆ ಬೆಳಕು ಕತ್ತಲೆ ಸೇರುವ ಗೆರೆ ಕೋಪರ್ನಿಕಸ್ ಕುಳಿಯ ಹತ್ತಿರ ಬಂದಿರುತ್ತದೆ. ಅಲ್ಲಿ ಆಗ ತಾನೇ ಬೆಳಗಾಗುತ್ತಿರುತ್ತದೆ, ನೆರಳು ಉದ್ದುದ್ದ. ಆ ಕುಳಿ ಸುಮಾರು 93 ಕಿಲೋಮೀಟರ್ ಅಗಲ, ಹೆಚ್ಚುಕಡಿಮೆ ಬೆಂಗಳೂರಿಂದ ಮಂಡ್ಯದಷ್ಟು. ನನ್ನ ಫೋಟೋದಲ್ಲಿ ಮಾತ್ರ 20 ಪಿಕ್ಸೆಲ್ ಆಸುಪಾಸು, ಅಷ್ಟೇ!

ಕ್ಯಾಮೆರಾ ಸೆಟ್ಟಿಂಗ್ ಐಎಸ್ಒ 200, ಎಫ್ 8, ಶಟರ್ 1/200 ಸೆಕೆಂಡ್. ಚಂದ್ರ ಎರಡು ನಿಮಿಷಕ್ಕೆ ತನ್ನ ಅಗಲದಷ್ಟು ಸರಿದುಬಿಡುತ್ತಾನೆ, ಹಾಗಾಗಿ ಆಗಾಗ ಟ್ರೈಪಾಡ್ ತಿರುಗಿಸುತ್ತಾ 200 ಫೋಟೋ ತೆಗೆದೆ.

ಮೊದಲು ಮಾಡಿದ ಎಡವಟ್ಟು ಹೇಳುತ್ತೇನೆ. ಜಾಸ್ತಿ ಫೋಟೋ ಇದ್ದಷ್ಟೂ ಒಳ್ಳೆಯದು ಅಂದ್ಕೊಂಡು ಎಲ್ಲಾ 200 ಸೇರಿಸಿದೆ. ಬಂದದ್ದು ಬೆಣ್ಣೆ ಸವರಿದ ಚಂದ್ರ. ಒಂಟಿ ಫೋಟೋನೇ ಇದಕ್ಕಿಂತ ಚೆನ್ನಾಗಿತ್ತು. ಅಂಚಿಗೆ ಅಂಚು ಸರಿಯಾಗಿ ಕೂತಿತ್ತು, ಒಳಗಿನ ಕುಳಿಗಳು ಕೂತಿರಲಿಲ್ಲ. ಕಾರಣ ನಮಗೂ ಚಂದ್ರನಿಗೂ ನಡುವೆ ಇರುವ ವಾತಾವರಣದ ಗಾಳಿ. ಕಲ್ಯಾಣಿಯ ತಳದಲ್ಲಿ ಬಿದ್ದ ನಾಣ್ಯ ನೀರು ಅಲುಗಾಡಿದಾಗ ಹೇಗೆ ಕುಣಿಯುತ್ತದೆ, ಚಂದ್ರನೂ ಹಾಗೇ, ಆದರೆ ಪೂರ್ತಿ ಒಟ್ಟಿಗೆ ಕುಣಿಯುವುದಿಲ್ಲ, ಮೇಲಿನ ಭಾಗ ಒಂದು ಕಡೆ ಎಳೆದರೆ ಕೆಳಗಿನದು ಇನ್ನೊಂದು ಕಡೆ.

ಆಮೇಲೆ ಆಟೋಸ್ಟ್ಯಾಕರ್ಟ್ ಹಾಕಿಕೊಂಡೆ, ಉಚಿತ ಸಾಫ್ಟ್‌ವೇರ್. ಅದು ಮೊದಲು ಯಾವ ಫೋಟೋ ಚೂಪಾಗಿದೆ ಅಂತ ಸಾಲಾಗಿ ಜೋಡಿಸುತ್ತದೆ. ಈಗ ಸ್ಕ್ರೀನ್ ಮೇಲೆ ಕಾಣುವ ಈ ಚಿಕ್ಕ ಚೌಕಗಳಿವೆಯಲ್ಲ, ಒಂದೊಂದು ಚೌಕವನ್ನೂ ಬೇರೆ ಬೇರೆಯಾಗಿ ಎಳೆದು ಕೂರಿಸುತ್ತದೆ. ನಾನು ಕೈಯಲ್ಲಿ ಮಾಡಿದ್ದರೆ ಯುಗಾದಿ ಬರುತ್ತಿತ್ತು. ಪಟ್ಟಿಯ ಮೇಲಿನ 36 ಮಾತ್ರ ಇಟ್ಟುಕೊಂಡು 164 ಬಿಟ್ಟೆ. ಹೊಟ್ಟೆ ಉರಿಯಿತು, ನಿಜ.

ಅದರಲ್ಲೇ ಒಂದು ಚೆಂದದ ಫೋಟೋ ಸಾಕಲ್ವಾ, 36 ಯಾಕೆ? ಫೋಟೋದಲ್ಲಿ ಮರಳಿನಂಥ ಕಾಳು ಇರುತ್ತದಲ್ಲ, ನಾಯ್ಸ್, ಅದು ಪ್ರತಿ ಫೋಟೋದಲ್ಲೂ ಬೇರೆ ಬೇರೆ ಕಡೆ ಬೀಳುತ್ತದೆ, ಕುಳಿ ಮಾತ್ರ ಇದ್ದಲ್ಲೇ ಇರುತ್ತದೆ. ಸರಾಸರಿ ತೆಗೆದರೆ ಕಾಳು ಕರಗುತ್ತದೆ. ಲೆಕ್ಕ ವರ್ಗಮೂಲದ್ದು: 36 ಫೋಟೋಗೆ ನಾಯ್ಸ್ ಆರನೇ ಒಂದು ಭಾಗ. ಒಂಟಿ ಫೋಟೋವನ್ನು ಜೋರಾಗಿ ಶಾರ್ಪನ್ ಮಾಡಿದರೆ ಕುಳಿಗಿಂತ ಮೊದಲು ಕಾಳೇ ಎದ್ದು ಬರುತ್ತದೆ, ಇದರಲ್ಲಿ ಬರುವುದಿಲ್ಲ.

ಸ್ಟ್ಯಾಕ್ ಆದ ತಕ್ಷಣ, ಅಂದ್ರೆ 36 ಸೇರಿ ಒಂದಾದ ತಕ್ಷಣ, ಫೋಟೋ ಮಂಕಾಗಿಯೇ ಇರುತ್ತದೆ, ಹೆದರಬೇಡಿ. ರೆಜಿಸ್ಟ್ಯಾಕ್ಸ್ ಅನ್ನುವ ಇನ್ನೊಂದು ಸಾಫ್ಟ್‌ವೇರ್‌ನಲ್ಲಿ ಶಾರ್ಪನ್ ಮಾಡುವ ವೇವ್‌ಲೆಟ್ ಪಟ್ಟಿಗಳನ್ನು (ಸ್ಲೈಡರ್) ನಿಧಾನಕ್ಕೆ ಎಳೆದಾಗ ಕುಳಿಗಳು ಮೇಲೆದ್ದು ಬರುತ್ತವೆ. ನಾನು ಖುಷಿಯಲ್ಲಿ ಎಳೆದಿದ್ದೇ ಎಳೆದಿದ್ದು, ಚಂದ್ರನ ಸುತ್ತ ಬಿಳಿ ದಾರ ಕಟ್ಟಿದ ಹಾಗಾಯಿತು! ಚಂದ್ರನಿಗೆ ಅಂಥ ದಾರ ಇಲ್ಲ. ವಾಪಸ್ ಇಳಿಸಿದೆ.

ಇನ್ನೊಂದು ನೋಡಿ. ಉಳಿದ 36ರಲ್ಲಿ 31 ಫೋಟೋ ರಾತ್ರಿ 10ರ ಮೇಲೆ ತೆಗೆದವು. 8 ಗಂಟೆಗೆ ಚಂದ್ರ ನೆತ್ತಿ ಮೇಲಿದ್ದ, ಅಡ್ಡ ಬರುವ ಗಾಳಿ ಕಡಿಮೆ, ಆಗಿನವೇ ಚೆನ್ನಾಗಿ ಬರಬೇಕಿತ್ತು, ಆದರೆ ಹಗಲಿಡೀ ಕಾದ ತಾರಸಿ ಬಿಸಿ ಬಿಡುತ್ತಲೇ ಇತ್ತು. ಅದೇ ಕೆಡಿಸಿದ್ದು ಅಂತ ನನ್ನ ಅನುಮಾನ. ಬರುವ ತಿಂಗಳ ಅಷ್ಟಮಿಗೆ ಅಜ್ಜಿ ಮನೆ ಹಿತ್ತಲಲ್ಲಿ, ಮಣ್ಣಿನ ನೆಲದ ಮೇಲೆ ಟ್ರೈಪಾಡ್ ಇಟ್ಟು ನೋಡುತ್ತೇನೆ, ಸೊಳ್ಳೆ ಬತ್ತಿ ಸಮೇತ.